ಹಿತ್ತಲ ಗಿಡ ಡಬ್ಬಿಗೆ ಇಳಿದಾಗ: ನಲವತ್ತೈದು ದಾಟಿದವರಿಗೆ ಕಿವಿಮಾತು

ನಮ್ಮ ಮನೆಯ ಸೊಸೆಯಂದಿರು, ಅಣ್ಣನ ಮಕ್ಕಳು, ಅವರ ಗೆಳತಿಯರು ಒಬ್ಬೊಬ್ಬರಾಗಿ ನಲವತ್ತೈದು ದಾಟುತ್ತಿದ್ದಾರೆ. ಮಾತು ಈಗ ಮಕ್ಕಳ ಮಾರ್ಕ್ಸು ಬಿಟ್ಟು ಶುಗರ್, ಕೊಲೆಸ್ಟರಾಲ್, ಹೊಟ್ಟೆಯ ಬೊಜ್ಜಿನ ಕಡೆ ಹೊರಳಿದೆ. "ಅತ್ತೆ, ಇದು ಗಿಡಮೂಲಿಕೆಯಂತೆ, ಸೈಡ್ ಎಫೆಕ್ಟ್ ಇಲ್ಲವಂತೆ, ತಗೊಳ್ಳಲಾ?" ಎಂಬ ಪ್ರಶ್ನೆ ವಾರಕ್ಕೊಂದಾದರೂ ಬರುತ್ತದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೇ ಬರೆದಿಡುತ್ತಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ. ಅದೇ ಗಿಡ ಸಾರ ಇಳಿಸಿಕೊಂಡು ಕ್ಯಾಪ್ಸೂಲಿನಲ್ಲಿ ಕೂತು ಬಂದರೆ ಮಾತ್ರ ಅದು ಖಂಡಿತ ಮದ್ದು. ಮದ್ದು ಎಂದಮೇಲೆ ಅದಕ್ಕೆ ಅಳತೆಯಿದೆ, ಪಥ್ಯವಿದೆ, ಅಡ್ಡಪರಿಣಾಮವೂ ಇದೆ. ಕೆಳಗಿನದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ನಿಮ್ಮ ಮೈಯ ಲೆಕ್ಕ

• ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಏರಿಳಿಯಲು ಶುರುವಾಗುತ್ತದೆ. ತೊಡೆ, ಸೊಂಟದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರುತ್ತದೆ, ಸ್ನಾಯು ಸಣ್ಣಗೆ ಕರಗುತ್ತದೆ, ಇನ್ಸುಲಿನ್ ಇದ್ದರೂ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಮೇಲೇರುತ್ತದೆ. ಉಣ್ಣುವುದು ಮೊದಲಿನಷ್ಟೇ ಇದ್ದರೂ ರವಿಕೆ ಬಿಗಿಯಾಗುವುದು ಇದರಿಂದ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

• ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ದಾಟಿದ್ದರೆ ಪರೀಕ್ಷೆ ಮಾಡಿಸುವ ಹೊತ್ತಾಯಿತು ಎಂದು ತಿಳಿಯಿರಿ.

• ಯಾವ ಪುಡಿಯ ಡಬ್ಬಿ ತೆರೆಯುವ ಮೊದಲೂ ಒಮ್ಮೆ ರಕ್ತ ಪರೀಕ್ಷೆ ಆಗಲಿ: ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಕೊಲೆಸ್ಟರಾಲಿನ ಪೂರ್ತಿ ಪಟ್ಟಿ, ಥೈರಾಯ್ಡ್, ಹಿಮೋಗ್ಲೋಬಿನ್, ಲಿವರಿನ ಪರೀಕ್ಷೆ. ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ. ಎಚ್‌ಬಿಎ1ಸಿ 6.5 ಮುಟ್ಟಿದ್ದರೆ ಪುಡಿ ಹುಡುಕುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ.

• ಇನ್ನೊಂದು ಸೂಕ್ಷ್ಮ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ವಿಪರೀತ ಸ್ರಾವವಾಗಿ ಕಬ್ಬಿಣಾಂಶ ಇಳಿದಿರುತ್ತದೆ. ಹಾಗಿರುವಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಹಿಮೋಗ್ಲೋಬಿನ್, ಎಚ್‌ಬಿಎ1ಸಿ ಎರಡರ ರಿಪೋರ್ಟನ್ನೂ ಒಟ್ಟಿಗೆ ಇಟ್ಟು ವೈದ್ಯರಿಗೆ ತೋರಿಸಿ.

• ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಕಲೆಯಷ್ಟು ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು. "ಉಷ್ಣ ಆಗಿರಬೇಕು" ಎಂದು ಕಷಾಯ ಕುಡಿದು ಸುಮ್ಮನಿರಬೇಡಿ.

• ಏನು ತೆಗೆದುಕೊಂಡರೂ ಯಾವ ಸಂಖ್ಯೆ ಇಳಿಯಬೇಕೆಂದು ಮೊದಲೇ ತೀರ್ಮಾನ ಮಾಡಿ. ಶುಗರ್ರೋ, ಎಲ್‌ಡಿಎಲ್ಲೋ, ಸೊಂಟದ ಅಳತೆಯೋ? "ಒಟ್ಟಾರೆ ಒಳ್ಳೆಯದು" ಎಂದು ತೆಗೆದುಕೊಂಡದ್ದು ಫಲ ಕೊಟ್ಟಿತೋ ಇಲ್ಲವೋ ಎಂದು ಯಾವತ್ತೂ ತಿಳಿಯುವುದಿಲ್ಲ.

ಅಡುಗೆಮನೆಯ ಡಬ್ಬಿಗಳು

• ಮೆಂತ್ಯ: ಇದರಲ್ಲಿರುವ ಗ್ಯಾಲಕ್ಟೋಮ್ಯಾನನ್ ಎಂಬ ನಾರು ನೀರು ಹೀರಿ ಲೋಳೆಯಾಗಿ, ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪ್ರಯೋಗಗಳಲ್ಲಿ ದಿನಕ್ಕೆ 25ರಿಂದ 100 ಗ್ರಾಂವರೆಗೆ ಕೊಟ್ಟು ನೋಡಿದ್ದರು. ಒಂದು ಟೀ ಚಮಚ ಕಾಳು ತೂಗಿದರೆ ಸುಮಾರು 4 ಗ್ರಾಂ. ಅಂದರೆ ಐದಾರು ಕಾಳು ನುಂಗಿ ಶುಗರ್ ಇಳಿಯಲಿಲ್ಲವೆಂದರೆ ತಪ್ಪು ಮೆಂತ್ಯದ್ದಲ್ಲ. ಒಂದು ಚಮಚದಿಂದ ಶುರು ಮಾಡಿ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಅಗಿದು ತಿನ್ನಿ, ಆ ನೀರನ್ನೂ ಕುಡಿಯಿರಿ. ನೀರು ಮಾತ್ರ ಕುಡಿದು ಕಾಳು ಚೆಲ್ಲಿದರೆ ನಾರೆಲ್ಲ ಚೆಲ್ಲಿದ ಹಾಗೆ. ಹೊಟ್ಟೆ ಉಬ್ಬರಿಸದಿದ್ದರೆ ವಾರ ಕಳೆದು ಎರಡು ಚಮಚಕ್ಕೆ ಏರಿಸಿ. ಶೇಂಗಾ, ಕಡಲೆ ಮೈಗೆ ಆಗದವರು ಹುಷಾರಾಗಿರಿ, ಇವೆಲ್ಲ ಒಂದೇ ಕುಲದವು. ಬಸುರಿಯರಿಗೆ ಈ ಪ್ರಮಾಣ ಬೇಡ.

• ಇಸಬ್‌ಗೋಲ್: ಮಲಬದ್ಧತೆಗೆ ಎಂದೇ ಎಲ್ಲರಿಗೂ ಗೊತ್ತು. ಕೆಟ್ಟ ಕೊಲೆಸ್ಟರಾಲ್ ತುಸು ಇಳಿಸುವ ಗುಣವೂ ಇದಕ್ಕಿದೆ. ದಿನಕ್ಕೆ ಇದರ ಕರಗುವ ನಾರು 7 ಗ್ರಾಂ, ಅಂದರೆ ಹೊಟ್ಟು ಸುಮಾರು 10 ಗ್ರಾಂ ಸೇವಿಸಿದರೆ ಹೃದಯಕ್ಕೆ ಒಳ್ಳೆಯದು ಎಂದು ಲೇಬಲಿನ ಮೇಲೆ ಬರೆದುಕೊಳ್ಳಲು ಅಮೆರಿಕದ ಎಫ್‌ಡಿಎ 1998ರಲ್ಲೇ ಒಪ್ಪಿಗೆ ಕೊಟ್ಟಿತು. ನನ್ನನ್ನು ಕೇಳಿದರೆ ದುಬಾರಿ ಡಬ್ಬಿಗಳಿಗಿಂತ ಈ ಅಗ್ಗದ ಪೊಟ್ಟಣಕ್ಕೆ ಪುರಾವೆ ಹೆಚ್ಚು. ದೊಡ್ಡ ಲೋಟ ನೀರಿಗೆ ಹಾಕಿ ತಕ್ಷಣ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ.

• ಅಗಸೆ: ಉತ್ತರ ಕರ್ನಾಟಕದವರ ರೊಟ್ಟಿಯ ಪಕ್ಕ ಅಗಸಿ ಹಿಂಡಿ ಇದ್ದೇ ಇರುತ್ತದೆ. ಘಟ್ಟದ ನಾವು ಈಗ ಕಲಿಯುತ್ತಿದ್ದೇವೆ. ಇದರಲ್ಲಿ ಒಮೆಗಾ-3 ಜಾತಿಯ ಎಣ್ಣೆ, ನಾರು, ಲಿಗ್ನಾನ್ ಎಂಬ ಈಸ್ಟ್ರೋಜನ್ ಹೋಲುವ ಪದಾರ್ಥ ಇವೆ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಪುಡಿ ಮಾಡಿ. ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ, ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ದಿನಕ್ಕೆ ಒಂದೆರಡು ಚಮಚ ಸಾಕು. ಎಣ್ಣೆಯ ಕ್ಯಾಪ್ಸೂಲು ಕೊಂಡರೆ ಎಣ್ಣೆಯೊಂದೇ ಸಿಗುತ್ತದೆ, ನಾರು ಸಿಗುವುದಿಲ್ಲ.

• ದಾಲ್ಚಿನ್ನಿ: ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವುದು ಹೆಚ್ಚಾಗಿ ಕ್ಯಾಸಿಯಾ. ದಪ್ಪ, ಗಟ್ಟಿ ತೊಗಟೆ. ಮುರಿಯಲು ಬೆರಳಿಗೆ ಬಲ ಬೇಕು. ನಿಜವಾದ ದಾಲ್ಚಿನ್ನಿ ಕಾಗದದಂಥ ತೆಳ್ಳನೆಯ ಪದರಗಳ ಸುರುಳಿ, ಹಿಚುಕಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಲಿವರಿಗೆ ಆಗದ ಕೂಮರಿನ್ ಇದೆ. ಯುರೋಪಿನ ಲೆಕ್ಕದ ಪ್ರಕಾರ 60 ಕಿಲೋ ತೂಕದವರಿಗೆ ದಿನದ ಮಿತಿ 6 ಮಿಲಿಗ್ರಾಂ. ಒಂದು ಟೀ ಚಮಚ ಕ್ಯಾಸಿಯಾ ಪುಡಿಯಲ್ಲೇ ಅಷ್ಟು ಸಿಕ್ಕಿಬಿಡಬಹುದು. ಪಲಾವಿಗೆ ಎರಡು ತುಂಡು ಹಾಕುವುದಕ್ಕೆ ಭಯ ಬೇಡ. ಶುಗರಿಗೆಂದು ದಿನಾ ಚಮಚ ತುಂಬ ತಿನ್ನುವುದು ಬೇಡ.

• ಬೆಳಗಿನ ಜ್ಯೂಸು: ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬೇಡಿ. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಅದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುತ್ತದೆ, ಜೀವ ಹೋದದ್ದೂ ಉಂಟು. ನಮ್ಮ ಐಸಿಎಂಆರ್ ತಜ್ಞರ ಸಮಿತಿ ನೇಮಿಸಿ ಈ ಎಚ್ಚರಿಕೆಯನ್ನೇ ಕೊಟ್ಟಿದೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗಿಟ್ಟು ನೋಡುವ ರೂಢಿ ಇರಲಿ. ಹಾಗಲಕಾಯಿಯನ್ನು ಪಲ್ಯ ಮಾಡಿ, ಗೊಜ್ಜು ಮಾಡಿ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇಡ.

• ಇವೆಲ್ಲ ಊಟಕ್ಕೆ ಜೊತೆ, ಊಟದ ಬದಲಿಗೆ ಅಲ್ಲ. ಅನ್ನ ಒಂದು ಸೌಟು ಇಳಿಸಿ, ಹುರುಳಿ, ಹೆಸರು, ಅವರೆ ಕಾಳು ಒಂದು ಸೌಟು ಏರಿಸಿ. ಮುದ್ದೆಯ ಜೊತೆ ಸೊಪ್ಪಿನ ಸಾರು ಧಾರಾಳವಾಗಿರಲಿ. ರಾಗಿ ಒಳ್ಳೆಯದೆಂದು ಬೆಲ್ಲ ಸುರಿದು ಮಾಲ್ಟ್ ಕುಡಿದರೆ ರಾಗಿಯ ಪುಣ್ಯವನ್ನು ಬೆಲ್ಲ ತಿಂದುಹಾಕುತ್ತದೆ.

ಕ್ಯಾಪ್ಸೂಲಿನ ರೂಪದಲ್ಲಿ ಬಂದಾಗ

• ಅರಿಶಿನ: ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಒಂದು ಟೀ ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಸುಮಾರು 90 ಮಿಲಿಗ್ರಾಂ. ಶೇ. 95 ಸಾರ ಎಂದು ಬರೆದಿರುವ 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇರುವುದು 475. ಐದು ಚಮಚ ಅರಿಶಿನ ಒಂದೇ ಗುಕ್ಕಿಗೆ ನುಂಗಿದ ಲೆಕ್ಕ. ಅದರ ಜೊತೆ ಕಾಳುಮೆಣಸಿನ ಪೈಪರಿನ್ ಸೇರಿಸಿದ್ದರೆ ಮೈಗೆ ಸೇರುವುದು ಇನ್ನೂ ಬಹಳ ಹೆಚ್ಚು. ಈ ಪೈಪರಿನ್ ಪ್ರಭಾವವನ್ನು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಇಂಥ ಕ್ಯಾಪ್ಸೂಲುಗಳಿಂದ ಕೆಲವರ ಲಿವರಿಗೆ ಪೆಟ್ಟು ಬಿದ್ದ ಮೇಲೆ ಇಟಲಿ, ಆಸ್ಟ್ರೇಲಿಯಾ ಸರ್ಕಾರಗಳು ಎಚ್ಚರಿಕೆ ಹೊರಡಿಸಿದವು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಇದಕ್ಕೂ ಹೋಲಿಕೆ ಇಲ್ಲ.

• ಉಪ್ಪಾಗೆ: ತೂಕ ಇಳಿಸುವ ಡಬ್ಬಿಯ ಮೇಲೆ ಗಾರ್ಸೀನಿಯಾ ಕಾಂಬೋಜಿಯಾ ಎಂದು ದೊಡ್ಡ ಹೆಸರಿದ್ದರೆ ಬೆರಗಾಗಬೇಡಿ, ಅದು ನಮ್ಮ ಘಟ್ಟದ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುತ್ತದೆ, ಬಿಸಿಲಿರುವುದಿಲ್ಲ. ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಹೊಗೆಯಲ್ಲಿ ಒಣಗಿಸುತ್ತಾರೆ. ಕಪ್ಪಗೆ ಮುದುಡಿ ಹೊಗೆ ವಾಸನೆ ಹಿಡಿಯುತ್ತದೆ. ಕೊಡಗಿನವರ ಕಾಚಂಪುಳಿಯೂ ಇದರದೇ. ಹುಳಿಗೆ ಇದರಷ್ಟು ಸೊಗಸಾದದ್ದು ಕಡಿಮೆ. ಬೊಜ್ಜಿಗೆ? 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದರು. ಇದರ ಸಾರ ನುಂಗಿದವರಿಗೂ ಮದ್ದಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾರದ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಮೀನು ಸಾರಿಗೋ ತಂಬುಳಿಗೋ ಬಳಸಿ, ಡಬ್ಬಿ ಬಿಡಿ.

• ಮಧುನಾಶಿನಿ, ನೇರಳೆ ಬೀಜ: ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಅಗಿದಂತಾಗುತ್ತದೆ, ಸ್ವಲ್ಪ ಹೊತ್ತು ಸಿಹಿಯೇ ತಿಳಿಯದು. ಶುಗರ್ ಇಳಿಸುವ ಗುಣಕ್ಕೆ ಸಣ್ಣಪುಟ್ಟ ಅಧ್ಯಯನಗಳು ಇವೆ, ದೊಡ್ಡ ಪುರಾವೆ ಇಲ್ಲ. ಆದರೆ ಈಗಾಗಲೇ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇವನ್ನೂ ಸೇರಿಸಿದರೆ ಶುಗರ್ ತೀರಾ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ.

• ಬರ್ಬೆರಿನ್: ತೂಕ ಇಳಿಸುವ ಇಂಜೆಕ್ಷನ್ನಿಗೆ ಇದೇ ಗಿಡಮೂಲಿಕೆ ಬದಲಿ ಎಂದು ಮೊಬೈಲಿನಲ್ಲಿ ಹರಿದಾಡುತ್ತಿದೆ. ಆ ಮಾತು ಅತಿಶಯ. ಶುಗರ್, ಕೊಲೆಸ್ಟರಾಲ್ ತುಸು ಇಳಿಸುವುದು ನಿಜ. ಹೊಟ್ಟೆ ಕೆಡಿಸುವುದು, ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆ ತಕರಾರು ಮಾಡುವುದು ಕೂಡ ನಿಜ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದೇ ಪದಾರ್ಥವಿದೆ. ಆ ಬಳ್ಳಿ ಅಳಿವಿನ ಅಂಚಿನಲ್ಲಿದೆ, ಕಾಡಿನಿಂದ ಕಿತ್ತು ತಂದು ಕೊಡುತ್ತೇವೆಂದರೆ ಕೊಳ್ಳಬೇಡಿ.

• ಅಶ್ವಗಂಧ: ನಿದ್ದೆ ಬರಲಿ, ಟೆನ್ಷನ್ ಇಳಿಯಲಿ ಎಂದು ಹಲವರು ತೆಗೆದುಕೊಳ್ಳುತ್ತಾರೆ. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ನಮ್ಮ ಆಯುಷ್ ಸಚಿವಾಲಯ ಬೇರು ಮಾತ್ರ ಬಳಸಬೇಕು, ಎಲೆ ಬೇಡ ಎಂದಿದೆ. ಲೇಬಲಿನಲ್ಲಿ ಬೇರಿನದೇ ಎಂದು ಸ್ಪಷ್ಟವಾಗಿ ಇದೆಯೇ ನೋಡಿ.

• ಅಮೃತಬಳ್ಳಿ: ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬೈಯ ಲಿವರ್ ತಜ್ಞರು, ಇದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದೆಂದಿತು. ವಾದ ಅವರವರದು, ಥೈರಾಯ್ಡ್ ಉರಿಯೂತ, ರುಮಟಾಯ್ಡ್ ಸಂಧಿವಾತದಂಥ ತೊಂದರೆ ಇರುವ ಹೆಂಗಸರು ದೂರ ಇರುವುದು ಜಾಣತನ.

• ಗ್ರೀನ್ ಟೀ ಸಾರ: ಲೋಟದಲ್ಲಿ ಕುಡಿಯುವ ಗ್ರೀನ್ ಟೀಗೆ ಅಡ್ಡಿಯಿಲ್ಲ. ಮಾತ್ರೆಯಲ್ಲಿ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಆತಂಕವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ.

• ಸೋಯಾ: ಇದರ ಐಸೋಫ್ಲೇವೋನ್ ಮೈ ಬಿಸಿಯೇರುವುದನ್ನು ಕೆಲವರಿಗೆ ತಗ್ಗಿಸುತ್ತದೆ. ಸೋಯಾ ಕಾಳು, ತೋಫು ತಿನ್ನಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಕ್ಯಾಪ್ಸೂಲನ್ನು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಈಗಾಗಲೇ ಮಾತ್ರೆ ನುಂಗುತ್ತಿದ್ದರೆ

• "ಇಂಗ್ಲಿಷ್ ಮದ್ದು ಬಿಟ್ಟು ಗಿಡದ ಮದ್ದಿಗೆ ಬರುತ್ತೇನೆ" ಎನ್ನುವವರಿಗೆ ಒಂದು ವಿಷಯ. ಶುಗರಿಗೆ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ನಿನ ಮೂಲ ಯುರೋಪಿನ ಗಲೇಗಾ ಎಂಬ ಗಿಡ. ಆ ಗಿಡದ ಪದಾರ್ಥ ನೇರವಾಗಿ ಕೊಡಲಾಗದಷ್ಟು ವಿಷಕಾರಿ. ಅದರ ಜಾಡು ಹಿಡಿದು ಸುರಕ್ಷಿತವಾದದ್ದನ್ನು ತಯಾರಿಸಿ, ಅಳತೆ ಗೊತ್ತುಮಾಡಿ, ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ 1957ರಲ್ಲಿ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಗಿಡದ ಗುಣ, ಅಳತೆಯ ಶಿಸ್ತು ಎರಡೂ ಆ ಬಿಳಿ ಮಾತ್ರೆಯಲ್ಲಿವೆ. ಅದನ್ನು ಬಿಟ್ಟು ಅಳತೆಯಿಲ್ಲದ ಪುಡಿಗೆ ಹೋಗಬೇಡಿ.

• ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿಗೆ ಮುಕ್ಕಾಲು ಗಂಟೆಯಾದರೂ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇಸಬ್‌ಗೋಲ್ ನಾಲ್ಕು ಗಂಟೆ ಕಳೆದ ಮೇಲೆ. ನೆನೆಸಿದ ಮೆಂತ್ಯವನ್ನೂ ಬೆಳಿಗ್ಗೆ ಬಿಟ್ಟು ರಾತ್ರಿ ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಬೇರೆ ಮಾತ್ರೆಗಳಿಗೂ ನಾರಿಗೂ ನಡುವೆ ಒಂದೆರಡು ಗಂಟೆ ಬಿಡುವು ಇರಲಿ.

• ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅರಿಶಿನ, ಬೆಳ್ಳುಳ್ಳಿ, ಶುಂಠಿ, ಮೆಂತ್ಯದ ಸಾರದ ಕ್ಯಾಪ್ಸೂಲುಗಳು ಬೇಡ, ರಕ್ತಸ್ರಾವದ ಭಯವಿದೆ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಇಂಥವನ್ನೆಲ್ಲ ನಿಲ್ಲಿಸಿ, ಅರಿವಳಿಕೆ ವೈದ್ಯರಿಗೂ ತಿಳಿಸಿ.

• ವೈದ್ಯರು "ಬೇರೆ ಏನಾದರೂ ತಗೋತೀರಾ?" ಎಂದರೆ ಕಷಾಯ, ಲೇಹ್ಯ, ಪುಡಿ ಯಾವುದನ್ನೂ ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ. ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡ ಸಸ್ಯಾಹಾರಿಗಳು ಬಿ12 ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಅಂಗಾಲು ಜೋಮು ಹಿಡಿಯುವುದಕ್ಕೆ ಅದೂ ಕಾರಣವಾಗಿರಬಹುದು.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ

• ಡಬ್ಬಿಯ ಮುಂಭಾಗ ಮಾರುವವರದು, ಹಿಂಭಾಗ ನಿಮ್ಮದು. ಹೆಲ್ತ್ ಸಪ್ಲಿಮೆಂಟ್ ಆದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸಾಲನ್ನೂ ಅವರೇ ಸಣ್ಣಕ್ಷರದಲ್ಲಿ ಮುದ್ರಿಸಿರುತ್ತಾರೆ. ಆಯುರ್ವೇದ ಔಷಧವಾದರೆ ತಯಾರಿಕೆಯ ಪರವಾನಗಿ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ನೋಡಿ. ಗಿಡದ ಯಾವ ಭಾಗ, ಎಷ್ಟು ಮಿಲಿಗ್ರಾಂ ಎಂದು ಬರೆಯದೆ "21 ಮೂಲಿಕೆಗಳ ಮಿಶ್ರಣ" ಎಂದಷ್ಟೇ ಇದ್ದರೆ ಅಲ್ಲೇ ಇಟ್ಟು ಬನ್ನಿ.

• "ಡಯಾಬಿಟೀಸ್ ಬುಡಸಮೇತ ಗುಣ" ಎಂಬ ಜಾಹೀರಾತೇ ಕಾನೂನುಬಾಹಿರ. 1954ರ ಕಾಯ್ದೆ ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದೊತ್ತಡ ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು ನಿಷೇಧಿಸಿದೆ. ಕಾನೂನು ಮುರಿದು ಶುರು ಮಾಡಿದವರು ಡಬ್ಬಿಯೊಳಗೆ ನಿಯಮ ಪಾಲಿಸುತ್ತಾರೆಯೇ?

• ಹದಿನೈದು ದಿನದಲ್ಲಿ ಕಿಲೋಗಟ್ಟಲೆ ಇಳಿಸುವ "ಹರ್ಬಲ್" ಪುಡಿ ನಿಜಕ್ಕೂ ಕೆಲಸ ಮಾಡಿದರೆ ಆಗಲೇ ಹೆಚ್ಚು ಹೆದರಿ. ನಮ್ಮಲ್ಲಿ 2011ರಲ್ಲಿ ನಿಷೇಧಗೊಂಡ ಸಿಬುಟ್ರಮಿನ್ ಎಂಬ ಔಷಧವನ್ನು ಇಂಥವುಗಳಲ್ಲಿ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಅದು ಹೃದಯಕ್ಕೆ ಅಪಾಯ. ಶುಗರಿನ ನಾಟಿ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಸೇರಿಸುವುದೂ ಹೊಸದಲ್ಲ.

ಶುರು ಮಾಡಿದ ಮೇಲೆ

• ಒಂದು ಸಲಕ್ಕೆ ಒಂದೇ. ಮೂರು ಒಟ್ಟಿಗೆ ಶುರು ಮಾಡಿದರೆ ಯಾವುದು ಒಗ್ಗಿತು, ಯಾವುದು ತುರಿಕೆ ತಂದಿತು ತಿಳಿಯುವುದಿಲ್ಲ. ಕ್ಯಾಲೆಂಡರಿನಲ್ಲಿ ಶುರುವಾದ ದಿನ ಗುರುತು ಹಾಕಿ. ಎಚ್‌ಬಿಎ1ಸಿ ಹೇಳುವುದು ಸುಮಾರು ಮೂರು ತಿಂಗಳ ಲೆಕ್ಕ, ಅದಕ್ಕೆ ಮೊದಲೇ ಲ್ಯಾಬಿಗೆ ಓಡಬೇಡಿ. ಮೂರು ತಿಂಗಳ ಮೇಲೂ ಸಂಖ್ಯೆ ಕದಲದಿದ್ದರೆ ದಾಕ್ಷಿಣ್ಯವಿಲ್ಲದೆ ನಿಲ್ಲಿಸಿ.

• ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈಯೆಲ್ಲ ತುರಿಸಿದರೆ, ಊಟ ಕಂಡರೆ ವಾಕರಿಕೆ ಬಂದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. "ಮೈಯಿಂದ ವಿಷ ಹೊರಬರುತ್ತಿದೆ, ಮುಂದುವರಿಸಿ" ಎಂದು ಮಾರಿದವರು ಹೇಳಿದರೆ ಕೇಳಬೇಡಿ.

• ಕಾಲು, ತೋಳಿನ ಸ್ನಾಯುಗಳೇ ಸಕ್ಕರೆ ಸುಡುವ ಒಲೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ. ಜಿಮ್ ಇಲ್ಲದಿದ್ದರೆ ನೀರು ತುಂಬಿದ ಬಾಟಲಿ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ ಸಾಕು. ಈ ಗುಣ ತುಂಬಿಕೊಟ್ಟ ಕ್ಯಾಪ್ಸೂಲು ಇನ್ನೂ ಬಂದಿಲ್ಲ.

• "ಇಷ್ಟೆಲ್ಲ ಹೇಳಿದಿರಿ, ಕೊನೆಗೆ ಏನು ತಗೊಳ್ಳಲಿ?" ಎನ್ನುವವರಿಗೆ: ಶುಗರ್ ಹೊಸ್ತಿಲಲ್ಲಿದ್ದರೆ ಮೆಂತ್ಯ, ಎಲ್‌ಡಿಎಲ್ ಹೆಚ್ಚಿದ್ದರೆ ಇಸಬ್‌ಗೋಲ್, ಎರಡೂ ಅಷ್ಟಕ್ಕಷ್ಟೇ ಇದ್ದರೆ ರೊಟ್ಟಿ, ಚಪಾತಿಗೆ ಅಗಸೆ ಪುಡಿ. ಮೂರೂ ದಿನಸಿ ಅಂಗಡಿಯಲ್ಲೋ ಮೆಡಿಕಲ್ ಶಾಪಿನಲ್ಲೋ ಅಗ್ಗಕ್ಕೆ ಸಿಗುತ್ತವೆ. ಡಬ್ಬಿಗೆಂದು ಎತ್ತಿಟ್ಟ ದುಡ್ಡು ಉಳಿದರೆ ಒಂದು ಜೊತೆ ಒಳ್ಳೆಯ ವಾಕಿಂಗ್ ಶೂ ಕೊಳ್ಳಿ, ವರ್ಷಕ್ಕೊಮ್ಮೆ ಆ ರಕ್ತ ಪರೀಕ್ಷೆಗಳನ್ನು ತಪ್ಪದೆ ಮಾಡಿಸಿ.